ಅಮ್ಮಿನಬಾವಿಗೆ ಒಂದು ರವಿವಾರ

ಧಾರವಾಡದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ, ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಅಮ್ಮಿನಬಾವಿ ಎಂಬ ದೊಡ್ಡ ಊರಿದೆ. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತರು ಬಸ್ಸಿನ ಕಿಟಕಿಯಿಂದ ಅದನ್ನು ನೋಡಿರುತ್ತಾರೆ. ಇಳಿದು ನೋಡಿದವರು ಕಡಿಮೆ. ಹುಬ್ಬಳ್ಳಿ-ಧಾರವಾಡದ ನಾವಂತೂ ಆ ಊರಿನ ಋಣದಲ್ಲಿದ್ದೇವೆ. ನವಿಲುತೀರ್ಥದ ಅಣೆಕಟ್ಟಿನ ಹಿಂದೆ ನಿಂತ ಮಲಪ್ರಭೆಯ ನೀರು ಕೊಳವೆಗಳಲ್ಲಿ ಬಂದು, ಅಮ್ಮಿನಬಾವಿಯ ಶುದ್ಧೀಕರಣ ಕೇಂದ್ರದಲ್ಲಿ ತಿಳಿಯಾಗಿ, ಆಮೇಲೆ ನಮ್ಮ ನಳಗಳನ್ನು ಸೇರುತ್ತದೆ. ಇಷ್ಟು ವರ್ಷ ಆ ನೀರು ಕುಡಿದೂ ನಾನು ಆ ಊರಿನ ನೆಲ ಮೆಟ್ಟಿರಲಿಲ್ಲ. ಕಳೆದ ಮಾಘದಲ್ಲಿ ಮೆಟ್ಟುವ ಪ್ರಸಂಗ ಬಂದಿತು. ಕಾರಣ, ನನ್ನ ಮೊಮ್ಮಗ.

ಅವನಿಗೆ ಆಗ ಮೂರೂವರೆ ವರ್ಷ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ; ಆದರೆ ಎರಡು ಕೋಣೆಯಾಚೆ ನಳ ಬಿಟ್ಟರೆ ಓಡಿ ಬರುತ್ತಿದ್ದ. ಬೇಕಾದುದನ್ನು ಬೆರಳು ಮಾಡಿ ತೋರಿಸದೆ, ನಮ್ಮ ಕೈಯನ್ನೇ ಎಳೆದೊಯ್ದು ಅದರ ಮೇಲೆ ಇಡುತ್ತಿದ್ದ. ಕಲಿತಿದ್ದ ನಾಲ್ಕು ಮಾತುಗಳೂ ಎರಡು ವರ್ಷ ತುಂಬುವ ಹೊತ್ತಿಗೆ ನಿಂತುಹೋಗಿದ್ದವು. ವೈದ್ಯರು ಪರೀಕ್ಷಿಸಿ 'ಆಟಿಸಂ' ಎಂದರು. ಅದನ್ನು ಹೇಳುವುದಕ್ಕೆ ಅವರಿಗೆ ಹಿಡಿದದ್ದು ಹತ್ತು ನಿಮಿಷ. ಹೊರಗೆ ಬಂದೊಡನೆ ನನ್ನ ಮಗಳು ಕೇಳಿದಳು: "ಅಪ್ಪಾ, ನಾ ಏನು ತಪ್ಪು ಮಾಡೀನಿ?"

ಈ ಪ್ರಶ್ನೆ ಅವಳೊಬ್ಬಳದಲ್ಲ. ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೊ ಕ್ಯಾನರ್ ೧೯೪೩ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತ ಬರೆದು ಈ ಸ್ಥಿತಿಯನ್ನು ಜಗತ್ತಿನ ಗಮನಕ್ಕೆ ತಂದರು. ಮುಂದೆ ಹಲವು ವರ್ಷ, ತಾಯಿಯ ಮಮತೆ ತಣ್ಣಗಾದುದೇ ಇದಕ್ಕೆ ಕಾರಣವೆಂದು ಪಂಡಿತರೇ ಬರೆದರು. ೧೯೬೪ರ ತಮ್ಮ ಗ್ರಂಥದಲ್ಲಿ ಅದನ್ನು ಖಂಡಿಸಿದ ಬರ್ನಾರ್ಡ್ ರಿಮ್‌ಲ್ಯಾಂಡ್ ಸ್ವತಃ ಇಂಥ ಮಗುವಿನ ತಂದೆ. ಇದು ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಭೇದ, ಸಾಕಣೆಯ ದೋಷವಲ್ಲ ಎಂಬುದು ಇಂದು ನಿಶ್ಚಿತ. ಆದರೆ ನಮ್ಮ ಓಣಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಒಬ್ಬರು ಮೊಬೈಲನ್ನು ದೂರಿದರು; ಇನ್ನೊಬ್ಬರು ಹರಕೆ ಸೂಚಿಸಿದರು; ಮತ್ತೊಬ್ಬರು, "ಗಂಡು ಹುಡುಗರು ತಡಾ ಮಾಡೇ ಮಾತಾಡ್ತಾವ" ಎಂದರು. ಹರಕೆಯ ಬಗ್ಗೆ ನನಗೆ ತಕರಾರಿಲ್ಲ. ಆ ಕೊನೆಯ ಮಾತನ್ನು ನಂಬಿ ಒಂದು ವರ್ಷ ಕಳೆದೆವು. ಮನೆಯಲ್ಲಿ ಅದನ್ನು ನಂಬಿದವನು ನಾನೇ.

ಮಗಳು ಜನರ ಮುಂದೆ ಬರುವುದನ್ನೇ ಬಿಟ್ಟಳು. ಆಗ ನನ್ನ ಹಳೆಯ ಸ್ನೇಹಿತರೊಬ್ಬರು, ಅಮ್ಮಿನಬಾವಿಯ ತಮ್ಮ ಬೀಗರ ಮನೆಯಲ್ಲಿ ಇಂಥದೇ ಹತ್ತೊಂಬತ್ತು ವರ್ಷದ ಹುಡುಗನಿದ್ದಾನೆ, ಅವನ ತಾಯಿಯನ್ನು ಕಾಣಿರಿ ಎಂದರು.

ಭಾರತ ಹುಣ್ಣಿಮೆಯ ದಿನಗಳು. ಬಸ್ಸು ಗುಡ್ಡಕ್ಕೆ ಹೋಗುವವರಿಂದ ಕಿಕ್ಕಿರಿದಿತ್ತು. ಹಾರ್ನಿನ ಸದ್ದಿಗೆ ಮೊಮ್ಮಗ ಕಿವಿ ಮುಚ್ಚಿಕೊಂಡು ಚೀರಿದ. ಎಲ್ಲರೂ ತಿರುಗಿ ನೋಡಿದರು. ಮಗಳು ಅವನ ಮುಖವನ್ನು ಸೆರಗಿನಲ್ಲಿ ಮುಚ್ಚಿ, ಎರಡೂ ಬದಿಯ ಎರೆಹೊಲಗಳ ಜೋಳವನ್ನಾಗಲಿ ಕುಸುಬಿಯನ್ನಾಗಲಿ ನೋಡದೆ ತಲೆ ತಗ್ಗಿಸಿ ಕುಳಿತಳು.

ಆ ಮನೆಯ ಪಡಸಾಲೆಯಲ್ಲಿ ಹುಡುಗನೊಬ್ಬ ಮೊರದ ಮುಂದೆ ಕುಳಿತು ಹೆಸರು, ಮಡಕಿ, ಅಲಸಂದಿ ಕಾಳುಗಳನ್ನು ಬೇರೆ ಬೇರೆ ಮಾಡುತ್ತಿದ್ದ. ಮೈ ತೂಗುತ್ತಿತ್ತು, ಬೆರಳು ತಪ್ಪುತ್ತಿರಲಿಲ್ಲ. ನಮ್ಮ ಕಡೆ ನೋಡಲಿಲ್ಲ. "ಬಾ ತಂಗೀ" ಎಂದ ಅವನ ತಾಯಿ ಮೊದಲು ನೀರು ಕೊಡಲಿಲ್ಲ. ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿ ಬಂದಳು. ಮೊಮ್ಮಗ ಆಗಲೇ ಅತ್ತ ನಡೆದಿದ್ದ.

ಆ ಹಿತ್ತಿಲಲ್ಲಿ ಬಾವಿ. ಅದರ ಮೇಲೆ ಕಬ್ಬಿಣದ ಜಾಳಿಗೆ, ಜಾಳಿಗೆಗೆ ಕೀಲಿ. ಮಗ ಆರು ವರ್ಷದವನಿದ್ದಾಗ ಒಂದು ಮಧ್ಯಾಹ್ನ ಆ ಬಾವಿಯ ದಂಡೆಯ ಮೇಲೆ, ಒಳಗೆ ಕಾಲು ಇಳಿಬಿಟ್ಟು ಕುಳಿತಿದ್ದನಂತೆ. "ಇಂಥ ಹುಡುಗರಿಗೆ ನೀರಂದ್ರ ಜೀವ. ಕೂಗಿದ್ರ ಓ ಅನ್ನೂದಿಲ್ಲ. ಹಿಂದಿನಿಂದ ಸಾವಕಾಶ ಹೋಗಿ ಹಿಡದೆ" ಎಂದಳು. ಮರುದಿನವೇ ಜಾಳಿಗೆ ಹಾಕಿಸಿದರು. ಆಕೆ ಅಷ್ಟಕ್ಕೆ ನಿಲ್ಲಲಿಲ್ಲ. ಓಣಿಯ ಪ್ರತಿ ಮನೆಗೂ, ಚಹದಂಗಡಿಗೂ ಹೋಗಿ, "ನನ್ನ ಮಗ ಹುಚ್ಚನಲ್ಲ, ಕಿವುಡನಲ್ಲ. ನೀರಿನ ಕಡೆ ಹೊಂಟರ ಕೈ ಹಿಡದು ಕರಕೊಂಡು ಬರ್ರಿ, ಬೈಬ್ಯಾಡ್ರಿ" ಎಂದು ಹೇಳಿ ಬಂದಳು. ಹದಿಮೂರು ವರ್ಷಗಳಲ್ಲಿ ಎಷ್ಟು ಸಲ, ಯಾರು ಯಾರು ಕರೆತಂದರೆಂಬುದು ಆಕೆಗೆ ಬಾಯಿಪಾಠ.

ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಮೊಮ್ಮಗ ರೊಟ್ಟಿಯ ಅಂಚನ್ನಷ್ಟೇ ತಿಂದ, ಯಾರೂ ಒತ್ತಾಯಿಸಲಿಲ್ಲ.

ಆಮೇಲೆ ಆಕೆ ಟ್ರಂಕು ತೆಗೆದು ಕಾಗದಗಳನ್ನು ಹರಡಿದಳು. ೧೯೯೫ರ ಅಂಗವಿಕಲರ ಕಾಯಿದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲಿಲ್ಲ. ೨೦೧೬ರ ಕಾಯಿದೆಯಲ್ಲಿ ಬಂತು. ಆದುದರಿಂದ ಹುಡುಗನ ಹಳೆಯ ಪ್ರಮಾಣಪತ್ರದಲ್ಲಿ ಬೇರೊಂದು ಹೆಸರು, ಹೊಸದರಲ್ಲಿ ಸರಿಯಾದ ಹೆಸರು. ೧೯೯೯ರ ಕಾಯಿದೆಯಿಂದಾದ ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆ, ಅದರಲ್ಲಿ ಒಂದು ಲಕ್ಷ ರೂಪಾಯಿಯವರೆಗೆ ವೈದ್ಯಕೀಯ ವೆಚ್ಚ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ. ಆತನೂ ಅಂಗವಿಕಲನೇ, ಕಚೇರಿಯ ಬಾಗಿಲುಗಳನ್ನು ಬಲ್ಲವ. ಪರೀಕ್ಷೆಗೆ ನಮ್ಮ ಧಾರವಾಡದ ಡಿಮ್ಹಾನ್ಸ್. ಮಾತಿನ ತರಬೇತಿ ಬೇಕೆಂದರೆ ೧೯೬೫ರಿಂದ ಮೈಸೂರಿನಲ್ಲಿರುವ ವಾಕ್ ಶ್ರವಣ ಸಂಸ್ಥೆ. "ಗುಣಾ ಮಾಡೋ ಔಷಧ ಅಂತ ಯಾರರ ರೊಕ್ಕ ಕೇಳಿದ್ರ ಎದ್ದು ಬಾ. ಕಲಿಸೋರು ಸಿಕ್ಕರ ಬಿಡಬ್ಯಾಡ" ಎಂದಳು. ಏಳನೆಯ ಇಯತ್ತೆ ಓದಿದ ಹೆಣ್ಣುಮಗಳು ಎರಡು ತಾಸಿನಲ್ಲಿ ಹೇಳಿದ್ದನ್ನು ನಮಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಹೊರಡುವ ಮುನ್ನ ಮಗಳು ಕೇಳಿದಳು: "ಅಕ್ಕಾ, ಇವ ನನಗ ಅವ್ವಾ ಅಂತ ಎಂದು ಕರೀತಾನ?"

ಆಕೆ ಸ್ವಲ್ಪ ಹೊತ್ತು ಕಾಳುಗಳನ್ನು ನೋಡುತ್ತಿದ್ದಳು. "ನನ್ನ ಮಗ ಹನ್ನೊಂದನೇ ವರ್ಷದಾಗ ಕರದಾ. ನಿನ್ನ ಮಗನ ಮಾತು ನಾ ಹೆಂಗ ಹೇಳ್ಲಿ? ಬಸ್ಸಿನ್ಯಾಗ ಅಂಜಿದಾಗ ಯಾರ ಸೆರಗಿನ್ಯಾಗ ಮಾರಿ ಇಟ್ಟಾ? ನೀ ಯಾರಂತ ಅವಗ ಗೊತ್ತೈತಿ."

ಊರಿನ ಹಳೆಯ ಜೈನ ಬಸದಿಯನ್ನು ಹೊರಗಿನಿಂದಲೇ ನೋಡಿ ಕೈಮುಗಿದೆ. ನಿಂತು ನೋಡುವ ಪುರುಸೊತ್ತನ್ನು ಮೊಮ್ಮಗ ಕೊಡಲಿಲ್ಲ. ಮರಳುವ ಬಸ್ಸಿನಲ್ಲಿ ಅವನು ಮತ್ತೆ ಚೀರಿದ. ಪಕ್ಕದ ಮುದುಕಿ, "ಯಾಕವ್ವಾ ಕೂಸಿಗೆ?" ಎಂದಾಗ ಮಗಳು ತಲೆ ಎತ್ತಿ, ಅದು ಏನೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಮುದುಕಿ ಕಂಡಕ್ಟರನನ್ನು ಕರೆದು, ಹಾರ್ನು ಕಡಿಮೆ ಮಾಡಿಸೆಂದು ಗದರಿಸಿದಳು. ಹಾರ್ನೇನೂ ಕಡಿಮೆಯಾಗಲಿಲ್ಲ.

ನಮ್ಮ ಓಣಿಗೆ ನೀರು ದಿನವೂ ಬರುವುದಿಲ್ಲ. ಅಂಗಳದಲ್ಲಿ ನೆಲದೊಳಗಿನ ಟಾಕಿ ಇದೆ, ಅದರ ಮುಚ್ಚಳ ಒಬ್ಬ ಹುಡುಗ ಸರಿಸುವಷ್ಟು ಹಗುರ. ಮನೆ ಮುಟ್ಟಿದೊಡನೆ ಮಗಳು ಅದರ ಮೇಲೆ ಬೀಸುವ ಕಲ್ಲನ್ನು ಉರುಳಿಸಿಟ್ಟಳು. ಮರುದಿನ ಮುಂಜಾನೆ ನಾನು ಸುಭಾಸ ರಸ್ತೆಗೆ ಹೋಗಿ ಕೊಂಡಿ, ಕೀಲಿಗಳನ್ನು ತಂದೆ.