ಗಣಿ ಕಚೇರಿಯಲ್ಲೊಂದು ಸಂಸಾರ

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ, ಬೊಟಾಲಕ್‌ನ ಕಡಿದಾದ ಕಡಲಬಂಡೆಯ ಬುಡಕ್ಕೆ ಹಳೆಯ ಗಣಿಯ ಎರಡು ಎಂಜಿನ್ ಮನೆಗಳು ಅಂಟಿಕೊಂಡು ನಿಂತಿವೆ. ತಾಮ್ರ, ತವರ ಅರಸುತ್ತ ಇಲ್ಲಿನ ಸುರಂಗ ಸಮುದ್ರದಡಿಗೇ ನುಗ್ಗಿತ್ತು; ಬಿರುಗಾಳಿಯೆದ್ದಾಗ ಕಡಲತಳದಲ್ಲಿ ಗುಂಡುಕಲ್ಲು ಉರುಳುವ ಸದ್ದು ಕೆಳಗಿನವರ ತಲೆಯ ಮೇಲೇ ಕೇಳುತ್ತಿತ್ತಂತೆ. 1865ರಲ್ಲಿ ಯುವರಾಜ ದಂಪತಿಯೂ ಇಳಿದು ನೋಡಿದ್ದರು. ಎಲ್ಲರ ಕ್ಯಾಮೆರಾ ಅತ್ತಲೇ.

ನಾನು ಬೆರಗಾದದ್ದು ಮಾತ್ರ ಗಣಿ ಕಚೇರಿಗಳನ್ನು ಕಂಡು. ಕೌಂಟ್ ಹೌಸ್ ಎನ್ನುತ್ತಾರೆ. ಬೊಟಾಲಕ್‌ನದು ನ್ಯಾಷನಲ್ ಟ್ರಸ್ಟ್ ವಶದಲ್ಲಿದೆ. ಕಾರ್ನ್‌ವಾಲ್‌ನ ಬೇರೆ ಹಲವು ಕಚೇರಿಗಳಲ್ಲಿ ಈಗ ಸಂಸಾರಗಳಿವೆ. ಕಿಟಕಿಗೆ ಪರದೆ, ಅಂಗಳದಲ್ಲಿ ಕಾರು. ಎಂಜಿನ್ ಮನೆಯ ಗೋಡೆಯಲ್ಲಿ ಒರಟು ಕಲ್ಲು ಕಂಡರೆ, ಇಲ್ಲಿ ಮೂಲೆಗಳಿಗೆ ನಯವಾಗಿ ಕೆತ್ತಿದ ಗ್ರಾನೈಟು, ಮೇಲೆ ಸ್ಲೇಟಿನ ಮಾಡು, ಹೊಗೆಗೂಡು. ಮೊದಲಿನಿಂದಲೂ ಇದಕ್ಕೆ ಮನೆಯದೇ ಗತ್ತು. ಇರಲೇಬೇಕಿತ್ತು: ಕೆಲವು ತಿಂಗಳಿಗೊಮ್ಮೆ ಷೇರುದಾರರು ಇಲ್ಲಿ ಸೇರಿ ಲೆಕ್ಕ ಓದಿಸಿ, ಲಾಭವಿದ್ದರೆ ಅಲ್ಲೇ ಹಂಚಿಕೊಂಡು, ನಷ್ಟವಾದರೆ ವಂತಿಗೆ ಎತ್ತಿ, ಆಮೇಲೆ ಭರ್ಜರಿ ಊಟಕ್ಕೆ ಕೂರುತ್ತಿದ್ದರು. ಅದಕ್ಕೇ ಅಷ್ಟು ದೊಡ್ಡ ಕೋಣೆ. ದುಡ್ಡು ಹಾಕಿದವನಿಗೆ ಗಣಿಗಿಂತ ಮೊದಲು ಈ ಕಟ್ಟಡದ ಮೇಲೆ ನಂಬಿಕೆ ಹುಟ್ಟಬೇಕಿತ್ತಲ್ಲ!

ಗಣಿಯಾಳುಗಳಿಗೆ ದಕ್ಕಿದ್ದು ಅಂಗಳ. ವಾರಕ್ಕೆ ಹೊಲ ಮಾಡುವವರಂತೆ, ಅವರಲ್ಲಿ ಹಲವರು ತಾವು ಅಗೆದ ಅದಿರಿನ ಬೆಲೆಯಲ್ಲಿ ಪಾಲು ಪಡೆಯುತ್ತಿದ್ದರು. ಆ ಪಾಲಿಗೇ ಹರಾಜು, ಅದೂ ಇಳಿಮುಖವಾಗಿ. ಗಣಿಯ ಮೇಲ್ವಿಚಾರಕ, ಅಂದರೆ ಕ್ಯಾಪ್ಟನ್, ಒಂದು ಹರಳುಕಲ್ಲನ್ನು ಮೇಲಕ್ಕೆಸೆಯುತ್ತಿದ್ದ. ಅದು ನೆಲ ಮುಟ್ಟುವ ಮೊದಲು ಕೊನೆಗೆ ಕೂಗಿದವನಿಗೆ ಅಗೆಯುವ ಜಾಗ. ಒಂದು ಕಲ್ಲು ಬೀಳುವಷ್ಟು ಹೊತ್ತಿನಲ್ಲಿ ತಿಂಗಳುಗಟ್ಟಲೆ ಅನ್ನ ತೀರ್ಮಾನ! ಒಳಗಿನ ಊಟದ ವಾಸನೆ ಅಂಗಳಕ್ಕೂ ಬರುತ್ತಿತ್ತೇನೋ.

ಇಲ್ಲಿನ ಗಣಿಗಳು ಸೊರಗಿದಾಗ ಕಾರ್ನಿಷ್ ಗಣಿಗಾರರು ಲೋಕವೆಲ್ಲ ಚದುರಿದರು. ನಮ್ಮ ಕೋಲಾರಕ್ಕೂ ಬಂದರು. 1880ರಲ್ಲಿ ಕೆಜಿಎಫ್‌ಗೆ ಕಾಲಿಟ್ಟ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಮೂಲಪುರುಷ ಕಾರ್ನ್‌ವಾಲ್‌ನಲ್ಲೇ ದೊಡ್ಡ ತಾಮ್ರದ ಗಣಿಗಳನ್ನು ನಡೆಸಿದವನು.

ಈಗ ಕಾರ್ನ್‌ವಾಲ್‌ನಲ್ಲಿ ಮನೆ ಕೊಳ್ಳುವವರು ಸಾಮಾನ್ಯವಾಗಿ ಗಣಿ ತಪಾಸಣೆಯ ವರದಿ ತರಿಸುತ್ತಾರೆ, ಅಡಿಯಲ್ಲಿ ಹಳೆಯ ಗಣಿಬಾವಿ ಇದೆಯೇ ಎಂದು. ಸಾಲ ಕೊಡುವವರೂ ಅದನ್ನು ಕೇಳುತ್ತಾರೆ. ಗಣಿ ಕಚೇರಿಯನ್ನೇ ಕೊಳ್ಳುವವನಿಗೂ ವಿನಾಯಿತಿಯಿಲ್ಲ.