ಅಲಗಿನ ಋಣ

ಹರಿಹರೇಶ್ವರ ದೇವಸ್ಥಾನದ ಬೆಳಗಿನ ಗಂಟೆ ಮೊಳಗುವ ಹೊತ್ತಿಗೆ, ಸಮೀಪದ ಓಣಿಯ ಒಂದು ಮನೆಯಿಂದ ಇನ್ನೊಂದು ಸದ್ದು ಕೇಳಿಬರುತ್ತದೆ. ಚರ್ಮದ ಪಟ್ಟಿಯ ಮೇಲೆ ಕ್ಷೌರದ ಕತ್ತಿ ಆಡುವ ಸದ್ದು ಅದು. ಪಟ್ಟಿಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಎಪ್ಪತ್ತಾರು ವರ್ಷದ ಅಜ್ಜ ಎಣಿಸುತ್ತಾರೆ. ಮೂವತ್ತು ಸಲ ಹೋಗಬೇಕು, ಮೂವತ್ತು ಸಲ ಬರಬೇಕು. ಆಮೇಲೆ ಅಲಗಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಸವರಿ ಮಡಚಿ ಇಡುತ್ತಾರೆ. ಮಂಗಳವಾರವೊಂದನ್ನು ಬಿಟ್ಟರೆ ಈಗ ಆ ಕತ್ತಿ ಯಾರ ಗಡ್ಡವನ್ನೂ ಮುಟ್ಟುವುದಿಲ್ಲ.

ಹೋದ ದೀಪಾವಳಿಯವರೆಗೆ ಹಾಗಿರಲಿಲ್ಲ. ಸುಮಾರು ಐವತ್ತು ವರ್ಷ ಪ್ರತಿದಿನವೂ ಅವರು ತಮ್ಮ ಗಡ್ಡವನ್ನು ಅದೇ ಬಗೆಯ ಕತ್ತಿಯಿಂದ ತಾವೇ ಹೆರೆದುಕೊಂಡವರು. ಬಿಸಿನೀರು, ಬುರುಸು, ಸೋಪಿನ ನೊರೆ, ಕೊನೆಗೆ ಪಟಿಕದ ಕಲ್ಲು, ಒಟ್ಟು ಇಪ್ಪತ್ತೈದು ನಿಮಿಷ. ದಾವಣಗೆರೆಯ ಕಾಲೇಜಿನಲ್ಲಿ ಪಿಯುಸಿ ಓದುವ ಮೊಮ್ಮಗನಿಗೆ ಇದೊಂದು ತಮಾಷೆ.

“ಎರಡು ನಿಮಿಷದ ಕೆಲಸಕ್ಕೆ ಅರ್ಧ ತಾಸು ಯಾಕಜ್ಜಾ?”

“ನೀನು ಹಲ್ಲುಜ್ಜೋವಾಗಲೂ ಮೊಬೈಲ್ ನೋಡ್ತೀಯಲ್ಲ. ಇದನ್ನ ಕೈಯಾಗ ಹಿಡಿದಾಗ ಬ್ಯಾರೆ ಏನೂ ನೋಡಾಕ ಆಗಲ್ಲ. ಅದಕ್ಕೇ ಇದು ಬೇಕು.”

ಈ ಹವ್ಯಾಸ ಅವರಿಗೆ ಅಂಟಿಕೊಂಡದ್ದು ಒಂದು ತಪ್ಪಿನಿಂದ. 1941ರಲ್ಲಿ ಮೈಸೂರ್ ಕಿರ್ಲೋಸ್ಕರ್ ಆರಂಭವಾದ ಮೇಲೆ ಹರಿಹರ ಲೇತ್ ಯಂತ್ರಗಳಿಗೆ ಹೆಸರಾದ ಊರು. ಅಜ್ಜ ಕೂಡ ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೈ ಪಳಗಿಸಿದವರು. 1975ರ ಸುಮಾರಿನ ಮಾತು. ತುಂಗಭದ್ರೆಯ ದಂಡೆಯಲ್ಲಿ, ಮರದ ಬುಡದಲ್ಲಿ ಹಡಪ ಬಿಚ್ಚಿಕೊಂಡು ಕೂರುತ್ತಿದ್ದ ಕ್ಷೌರಿಕರೊಬ್ಬರ ಕತ್ತಿ ಒಂದು ದಿನ ಕಲ್ಲಿನ ಮೇಲೆ ಬಿದ್ದು ಅಲಗು ಮುಕ್ಕಾಯಿತು. ಎದುರಿಗೆ ಕುಳಿತಿದ್ದ ತರುಣ ಕಾರ್ಮಿಕ, “ಕೊಡಣ್ಣಾ, ನಾಳೆ ಹೊಸದರಂಗ ಮಾಡಿ ತರ್ತೀನಿ” ಎಂದು ಕಿಸೆಗೆ ಹಾಕಿಕೊಂಡು ಹೋದ. ದಿನವೂ ಲೇತ್‌ನ ಉಳಿಗಳನ್ನು ಸಾಣೆ ಹಿಡಿಯುವವನಿಗೆ ಇದು ಯಾವ ಮಹಾ ಕೆಲಸ?

ಕಾರ್ಖಾನೆಯ ಸಾಣೆಚಕ್ರಕ್ಕೆ ಕತ್ತಿ ಒತ್ತಿದ. ಕಿಡಿ ಹಾರಿತು, ಮುಕ್ಕು ಹೋಯಿತು. ಜೊತೆಗೇ ಅಲಗಿನ ಅಂಚು ನವಿಲಿನ ಕತ್ತಿನಂತೆ ನೀಲಿಯಾಯಿತು.

ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಲೇತ್ ಉಳಿಯ ಹೈಸ್ಪೀಡ್ ಉಕ್ಕಿನಲ್ಲಿ ಟಂಗ್‌ಸ್ಟನ್‌, ಮಾಲಿಬ್ಡಿನಮ್‌ನಂಥ ಲೋಹಗಳು ಬೆರೆತಿರುತ್ತವೆ. 600 ಡಿಗ್ರಿ ಸೆಲ್ಸಿಯಸ್ ಸಮೀಪದ ಶಾಖದಲ್ಲೂ ಅದು ತನ್ನ ಗಡಸುತನ ಬಿಡದು. ಕ್ಷೌರದ ಕತ್ತಿಯದು ಇಂಗಾಲದ ಉಕ್ಕು. 300 ಡಿಗ್ರಿಯ ಹತ್ತಿರ ಬಂದರೆ ಅದರ ಮೈಮೇಲೆ ಆಕ್ಸೈಡಿನ ತೆಳು ಪದರ ಕಟ್ಟಿ ನೀಲಿ ಕಾಣಿಸುತ್ತದೆ. ಆ ಬಣ್ಣ ಕಂಡಿತೆಂದರೆ ಒಳಗಿನ ಹದ ಕೆಟ್ಟಿತೆಂದೇ ಅರ್ಥ. ಆಮೇಲೆ ಎಷ್ಟು ಮಸೆದರೂ ಅಂಥ ಅಲಗು ನಿಲ್ಲದು.

ಕ್ಷೌರಿಕರು ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು. ಏನೂ ಅನ್ನಲಿಲ್ಲ. ಅನ್ನ ಕೊಡುವ ಕತ್ತಿ ಅದು. ಮುಂದೆ ಎರಡು ತಿಂಗಳು ಅವರು ಯಾರದೋ ಹಳೆಯ ಕತ್ತಿಯನ್ನು ಕಡ ತಂದು ಕೆಲಸ ಮಾಡಿದರು. “ಅವತ್ತು ಬೈದಿದ್ರೆ ಅಲ್ಲಿಗೇ ಮರ್ತುಬಿಡ್ತಿದ್ನೇನೋ” ಎಂದು ಅಜ್ಜ ಇಂದಿಗೂ ಹೇಳುತ್ತಾರೆ.

ಎರಡು ತಿಂಗಳ ಸಂಬಳದಲ್ಲಿ ಉಳಿಸಿ, ಮುಂಬಯಿಗೆ ಹೋಗುವವರ ಕೈಯಲ್ಲಿ ಜರ್ಮನಿಯ ಸೋಲಿಂಗೆನ್ ಊರಿನ ಮುದ್ರೆಯಿದ್ದ ಕತ್ತಿಯೊಂದನ್ನು ತರಿಸಿಕೊಟ್ಟರು. ಕ್ಷೌರಿಕರು ಅದನ್ನು ತೆಗೆದುಕೊಂಡು ಒಂದೇ ಮಾತು ಹೇಳಿದರು: “ತಂದವ ನೀನು. ಮಸೆಯೋದೂ ಕಲಿ.”

ಹೀಗೆ ಪ್ರತಿ ಭಾನುವಾರ ನದಿಯ ದಂಡೆಯಲ್ಲಿ ಪಾಠ. ಕಲ್ಲು ಅಪರೂಪಕ್ಕೆ, ಪಟ್ಟಿ ದಿನಕ್ಕೊಮ್ಮೆ. ಪಟ್ಟಿಯ ಮೇಲೆ ಕತ್ತಿಯ ಬೆನ್ನು ಮುಂದೆ ಸಾಗಬೇಕು, ಅಲಗು ಅದರ ಹಿಂದೆ ಬರಬೇಕು. ಮರೆತು ಅಲಗನ್ನು ಮುಂದೆ ಮಾಡಿದರೆ ಪಟ್ಟಿಯೇ ಸೀಳುತ್ತದೆ. ತುದಿಯಲ್ಲಿ ಕತ್ತಿಯನ್ನು ಬೆನ್ನಿನ ಮೇಲೇ ಹೊರಳಿಸಬೇಕು. ಗಡ್ಡವನ್ನು ಚೆನ್ನಾಗಿ ನೆನೆಸಬೇಕು, ನೀರು ಕುಡಿದ ಕೂದಲು ಮೆತ್ತಗಾಗುತ್ತದೆ. ಚರ್ಮಕ್ಕೂ ಅಲಗಿಗೂ ನಡುವೆ ಸುಮಾರು ಮೂವತ್ತು ಡಿಗ್ರಿಯ ಓರೆ ಸಾಕು. ಕೆಲವು ತಿಂಗಳಲ್ಲೇ ಅವರೂ ಅಂಥದೊಂದು ಹಳೆಯ ಕತ್ತಿ ಸಂಪಾದಿಸಿ ತಮ್ಮ ಗಡ್ಡದ ಮೇಲೇ ಅಭ್ಯಾಸ ಆರಂಭಿಸಿದರು.

ಮನೆಯಲ್ಲಿ ರಾದ್ಧಾಂತವಾಯಿತು. “ನಮ್ಮ ಮನೆತನದಾಗ ಯಾರಾದ್ರೂ ಆ ಕತ್ತಿ ಹಿಡಿದಾರೇನು?” ಎಂದು ತಾಯಿ ಎರಡು ದಿನ ಮಾತು ಬಿಟ್ಟರು. ಆ ಕ್ಷೌರಿಕರು ಮನೆಗೆ ಬಂದರೆ ಜಗಲಿಯ ಮೇಲೇ ಕೂರಬೇಕಿತ್ತು. ಅವರ ಚಹಾಕ್ಕೆ ಬೇರೆಯದೇ ಲೋಟ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಡಪದ ಅಪ್ಪಣ್ಣ ಬಸವಣ್ಣನವರ ಆಪ್ತ ಒಡನಾಡಿಯಾಗಿದ್ದವರು. ಅವರೂ ಅವರ ಪತ್ನಿ ಲಿಂಗಮ್ಮನೂ ವಚನಕಾರರು. ಅಂಥ ನಾಡಿನಲ್ಲೇ ಈ ವೃತ್ತಿಯ ಹೆಸರು ಬೈಗುಳವಾಗಿಯೂ ಬಳಕೆಯಾಯಿತು. ತರುಣನಿಗೆ ಅದು ತಪ್ಪೆನಿಸುತ್ತಿತ್ತು. ಆದರೆ ತಾಯಿಯ ಎದುರು ಬಾಯಿ ಬಿಡಲಿಲ್ಲ.

1998ರಲ್ಲಿ ಕಣ್ಣು ಮಂಜಾದಾಗ ಕ್ಷೌರಿಕರು ಸೋಲಿಂಗೆನ್ ಕತ್ತಿಯನ್ನು ತಂದು ಶಿಷ್ಯನ ಕೈಗಿಟ್ಟರು. ಅಂದೂ ಅವರು ಜಗಲಿಯಿಂದಲೇ ಹಿಂದಿರುಗಿದರು.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1986ರಲ್ಲಿ ಭಾರತದಲ್ಲಿ ಎಚ್‌ಐವಿ ಸೋಂಕು ಪತ್ತೆಯಾದ ಮೇಲೆ ಒಂದೇ ಕತ್ತಿಯಿಂದ ಹಲವರಿಗೆ ಕ್ಷೌರ ಮಾಡುವ ಬಗ್ಗೆ ಭಯ ಹುಟ್ಟಿತು. ಹೆಪಟೈಟಿಸ್ ಬಿ ವೈರಸ್ ಇನ್ನೂ ಗಟ್ಟಿ, ಒಣಗಿದ ರಕ್ತದಲ್ಲೂ ಅದು ಏಳು ದಿನವಾದರೂ ಜೀವ ಹಿಡಿದಿರಬಲ್ಲದು. ಅಂಗಡಿಗಳಲ್ಲಿ ಗಿರಾಕಿಗೊಂದು ಹೊಸ ಬ್ಲೇಡಿನ ಅರ್ಧ ತುಂಡು ಹಾಕುವ ಪದ್ಧತಿ ಬಂದದ್ದು ಒಳ್ಳೆಯದೇ ಆಯಿತು. ಅಜ್ಜನೂ ಒಪ್ಪುತ್ತಾರೆ. “ಒಂದು ಕತ್ತಿ, ಒಂದೇ ಮುಖ” ಎಂಬುದು ಅವರ ನಿಯಮ. ಆದರೆ ಬಳಸಿ ಎಸೆಯುವ ಬ್ಲೇಡು ಬಂದ ಮೇಲೆ ಮಸೆಯುವ ವಿದ್ಯೆಯನ್ನು ಕಲಿಯುವ ಅಗತ್ಯವೇ ಉಳಿಯಲಿಲ್ಲ.

ಒಮ್ಮೆ ಮೊಮ್ಮಗ ಒಂದು ಸುದ್ದಿ ಓದಿ ಹೇಳಿದ. ಕೂದಲು ಉಕ್ಕಿಗಿಂತ ಐವತ್ತು ಪಟ್ಟು ಮೃದು. ಆದರೂ ಅದು ಅಲಗನ್ನು ಹೇಗೆ ಕೆಡಿಸುತ್ತದೆಂದು ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಸಂಶೋಧಕರು ಪರೀಕ್ಷಿಸಿ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಬಾಗಿದ ಕೂದಲು ಅಲಗಿನ ದುರ್ಬಲ ಜಾಗಕ್ಕೆ ಓರೆಯಾಗಿ ತಗುಲಿದಾಗ ಉಕ್ಕು ಸೂಕ್ಷ್ಮವಾಗಿ ಚಕ್ಕೆ ಏಳುತ್ತದೆ. ಅಜ್ಜ ನಕ್ಕರು: “ಕೂದ್ಲು ಮೆತ್ತಗೈತಿ ಅಂತ ಅಸಡ್ಡೆ ಮಾಡಬ್ಯಾಡ ಅಂತ ಹೊಳೆದಂಡ್ಯಾಗ ಕುಂತ ನಮ್ಮಣ್ಣ ಅವತ್ತೇ ಹೇಳಿದ್ದ.”

ಹೋದ ದೀಪಾವಳಿಯ ದಿನ ಅವರ ಕೈ ನಡುಗಿತು. ಗದ್ದದ ಕೆಳಗೆ ಗಾಯವಾಗಿ ಅಂಗಿ ಕೆಂಪಾಯಿತು. ಮಗ ಕತ್ತಿಯನ್ನು ಬೀರುವಿನ ಮೇಲಿಟ್ಟು, “ಇನ್ನು ಸಾಕಪ್ಪಾ” ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಎಂಟು ದಿನ ಅಜ್ಜ ಗಡ್ಡ ಬಿಟ್ಟುಕೊಂಡು ಕನ್ನಡಿಯತ್ತ ಹೋಗದೆ ಕುಳಿತರು. ಒಂಬತ್ತನೆಯ ದಿನ ಕತ್ತಿಯನ್ನು ಕರವಸ್ತ್ರದಲ್ಲಿ ಸುತ್ತಿ, ಮೊಮ್ಮಗನ ಜೊತೆ ದಾವಣಗೆರೆಯ ಬಸ್ಸು ಹತ್ತಿದರು. ಅಲ್ಲಿ ಹಳೇ ಬಸ್ ನಿಲ್ದಾಣದ ಕಡೆ ಆ ಕ್ಷೌರಿಕರ ಮಗನ ಅಂಗಡಿಯಿದೆ.

ಕರವಸ್ತ್ರ ಬಿಚ್ಚುತ್ತಲೇ ಐವತ್ತರ ಆ ಮನುಷ್ಯ ಬೆರಗಾದ. “ಇದು ನಮ್ಮಪ್ಪಂದು!” ಮುಟ್ಟಿ ನೋಡಿ ಹೇಳಿದ: “ಅಪ್ಪ ನನಗ ಕತ್ತಿ ಮುಟ್ಟಾಕ ಬಿಡಲಿಲ್ರಿ ಯಜಮಾನ್ರೇ. ಓದು ಅಂದ. ಬಿ.ಕಾಂ. ಮಾಡಿದೆ, ನೌಕರಿ ಸಿಗಲಿಲ್ಲ. ತಿರುಗಿ ಇಲ್ಲಿಗೇ ಬಂದೆ. ಆದ್ರ ಮಸೆಯೋದು ಮಾತ್ರ ಗೊತ್ತಿಲ್ಲ.”

“ಅದನ್ನ ಕೊಡಾಕೇ ಬಂದೀನಿ ತಮ್ಮಾ. ನಿಮ್ಮಪ್ಪಂದು ನನ್ನ ಹತ್ರ ಉಳಿದೈತಿ.”

ಮಂಗಳವಾರ ಅಂಗಡಿಗೆ ರಜೆ. ಅಂದು ಆತ ಹರಿಹರಕ್ಕೆ ಬರತೊಡಗಿದ. ಮೊದಲ ವಾರವೇ ಹೊರಳಿಸುವುದು ತಪ್ಪಿ, ಅಜ್ಜ ಮೂವತ್ತು ವರ್ಷ ಜೋಪಾನ ಮಾಡಿದ ಪಟ್ಟಿಯನ್ನು ಸೀಳಿದ. ಅಜ್ಜ ಏನೂ ಅನ್ನಲಿಲ್ಲ. ಹೊಸ ಪಟ್ಟಿ ತರಿಸಿದರು. ಮೂರನೆಯ ತಿಂಗಳಲ್ಲಿ ಅವರೇ ಗದ್ದ ಎತ್ತಿ ಕುಳಿತು, “ಮಾಡು” ಎಂದರು. ಒಂದು ಹನಿ ರಕ್ತವೂ ಬರಲಿಲ್ಲ.

ಪ್ರತಿ ಸಲವೂ ಕ್ಷೌರದ ದುಡ್ಡನ್ನು ಕೈಗೆ ಕೊಡುತ್ತಾರೆ. ಆತ ಬೇಡವೆಂದರೆ, “ಕಲಿಸಿದ ಲೆಕ್ಕ ಬ್ಯಾರೆ, ಕ್ಷೌರದ ಲೆಕ್ಕ ಬ್ಯಾರೆ” ಎನ್ನುತ್ತಾರೆ. ಮೊಮ್ಮಗನಿಗೂ ಈಗ ಮೀಸೆ ಚಿಗುರುತ್ತಿದೆ. ಅಲಗನ್ನು ಒರೆಸಿ ಎಣ್ಣೆ ಹಚ್ಚುವುದು ಮಂಗಳವಾರ ಅವನ ಪಾಲಿನ ಕೆಲಸ.

ಕ್ಷೌರ ನಡೆಯುವುದು ಜಗಲಿಯ ಮೇಲಲ್ಲ, ನಡುಮನೆಯ ಕನ್ನಡಿಯ ಮುಂದೆ. ಮುಗಿದ ಮೇಲೆ ಅಲ್ಲೇ ಎಲ್ಲರ ಸಾಲಿನಲ್ಲಿ ಕೂರಿಸಿ ಆತನಿಗೂ ತಿಂಡಿ ಬಡಿಸುತ್ತಾರೆ. ಅಂದು ಅಜ್ಜನ ನುಣುಪಾದ ಗಲ್ಲ ನೋಡಿ ಸೊಸೆ, “ಬಾಳ ಚೆಂದ ಆಗೇತ್ರಿ ಮಾವಾ” ಎಂದಳು.

“ಚೆಂದೇನೋ ಆತು. ಇವರಪ್ಪನ್ನ ಇಲ್ಲಿ ಕೂರಿಸಬೇಕಿತ್ತು. ಐವತ್ತು ವರ್ಷ ತಡ ಆತು” ಎಂದು ಅಜ್ಜ ರೊಟ್ಟಿ ಮುರಿದರು.