ಕೊನೆ ಮನೆಯ ನಲ್ಲಿ

ಊರಲ್ಲಿ ನೀರಿಗೆ ತೊಂದರೆ ಇಲ್ಲವಾ ಅಂತ ಕೇಳಿದರೆ ಸಿಗೋ ಉತ್ತರ ಸಾಮಾನ್ಯವಾಗಿ ನಲ್ಲಿಗಳ ಲೆಕ್ಕ. 2019ರಲ್ಲಿ ಘೋಷಣೆಯಾದ ಜಲ ಜೀವನ್ ಮಿಷನ್ ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಆಗಿದೆ. ಆದರೆ ಆ ಯೋಜನೆ ಪ್ರಕಾರವೇ ಬರೀ ನಲ್ಲಿ ಇದ್ದರೆ ಸಾಲದು. ತಲೆಗೆ ದಿನಕ್ಕೆ 55 ಲೀಟರ್, ಕುಡಿಯೋಕೆ ಯೋಗ್ಯವಾದ ನೀರು, ತಪ್ಪದೆ ಬರಬೇಕು.

ಎನ್‌ಎಸ್‌ಎಸ್ ಕ್ಯಾಂಪ್‌ಗೆ ಕೋಲಾರದ ಕಡೆ ಒಂದು ಹಳ್ಳಿಗೆ ಹೋದಾಗ ನಾವು ನಾಲ್ಕು ಜನ ಇದನ್ನ ಅಳೆದು ನೋಡಿದ್ವಿ. ನಮ್ಮ ಉಪಕರಣ 15 ಲೀಟರಿನ ಬಕೆಟ್ ಮತ್ತೆ ಮೊಬೈಲ್ ಸ್ಟಾಪ್‌ವಾಚ್. ಅಲ್ಲಿ ದಿನ ಬಿಟ್ಟು ದಿನ ಒಂದು ಗಂಟೆ ನೀರು ಬಿಡ್ತಾರೆ. ಓವರ್‌ಹೆಡ್ ಟ್ಯಾಂಕ್ ಪಕ್ಕದ ಮನೆಯಲ್ಲಿ ಬಕೆಟ್ ಒಂದೇ ನಿಮಿಷಕ್ಕೆ ತುಂಬಿತು. ಕೊನೆ ಬೀದಿಯ ಕೊನೆ ಮನೆಯಲ್ಲಿ ಆರು ನಿಮಿಷ. ಐದು ಜನರ ಮನೆ ಅಂತ ಲೆಕ್ಕ ಹಾಕಿದ್ರೆ ಮೊದಲನೇ ಮನೆಗೆ ತಲೆಗೆ ದಿನಕ್ಕೆ 90 ಲೀಟರ್, ಕೊನೆ ಮನೆಗೆ 15. ಎರಡರ ಸರಾಸರಿ 52.5! ರಿಪೋರ್ಟ್‌ನಲ್ಲಿ ಆ ಊರು ಹೆಚ್ಚುಕಡಿಮೆ ಪಾಸ್.

ಪೈಪ್ ಉದ್ದ ಆದಷ್ಟೂ ಘರ್ಷಣೆಯಿಂದ ಒತ್ತಡ ಇಳಿಯುತ್ತೆ ಅಂತ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ್ವಿ. ಮಧ್ಯದಲ್ಲಿ ಯಾರೋ ನಲ್ಲಿಗೆ ಮೋಟಾರ್ ಹಾಕಿದ್ರೆ ಇನ್ನೂ ಇಳಿಯುತ್ತೆ ಅನ್ನೋದು ಅಲ್ಲಿ ಗೊತ್ತಾಯ್ತು.

ಆ ಸೀಮೆಯ ಬೋರ್ ನೀರಲ್ಲಿ ಫ್ಲೋರೈಡ್ ಕಾಟ ಬೇರೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತೆ ಮಾನದಂಡ. ಕುದಿಸಿದ್ರೂ ಫ್ಲೋರೈಡ್ ಹೋಗಲ್ಲ. ಹಾಗಾಗಿ ಕುಡಿಯೋಕೆ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸ್ಕೊಂಡು ಬರಬೇಕು.

ಇಷ್ಟನ್ನೂ ನಡೆಸೋನು ಒಬ್ಬ ನೀರುಗಂಟಿ. ಕರೆಂಟ್ ರಾತ್ರಿ ಎರಡಕ್ಕೆ ಬಂದ್ರೆ ಎರಡಕ್ಕೇ ಎದ್ದು ಮೋಟಾರ್ ಹಾಕ್ತಾನೆ. ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಬೇಕು ಅನ್ನೋದು ಅವನ ತಲೆಯಲ್ಲಷ್ಟೇ ಇದೆ. ಸಂಬಳ ಬಂದು ಮೂರು ತಿಂಗಳಾಗಿತ್ತು. ಸಸ್ಟೈನಬಿಲಿಟಿ ಬಗ್ಗೆ ನಾವು ಪಿಪಿಟಿ ಮಾಡ್ತೀವಿ. ಆ ಊರಲ್ಲಿ ಅದು ಇವನು ನಾಳೆ ಕೆಲಸಕ್ಕೆ ಬರ್ತಾನಾ, ಬೋರ್‌ನಲ್ಲಿ ನೀರು ಉಳಿಯುತ್ತಾ ಅನ್ನೋದು.

ಕೊನೆ ಮನೆಯ ಅಜ್ಜಿ ಕೇಳಿದ್ರು, "ಬರ್ಕೊಂಡ್ರೆ ನೀರ್ ಬತ್ತದೇನಪ್ಪಾ?" ನಮ್ಮ ಹತ್ರ ಉತ್ತರ ಇರಲಿಲ್ಲ. ಮನೆಮನೆಯ ಅಂಕಿಗಳನ್ನ ಸರಾಸರಿ ಮಾಡದೆ ಹಾಗೇ ಪಂಚಾಯಿತಿಗೆ ಕೊಟ್ಟು ಬಂದ್ವಿ. ಮುಂದಿನ ಕ್ಯಾಂಪ್‌ಗೆ ಹೋಗೋರು ದಯವಿಟ್ಟು ಬಕೆಟ್ ಹಿಡ್ಕೊಂಡು ಹೋಗಿ. ಅಳೆಯೋದನ್ನ ಕೊನೆ ಮನೆಯಿಂದ ಶುರು ಮಾಡಿ.